ರಸ್ತೆಯೊಳಗಿನ ಸುರುಳಿ ಅಳೆಯುವುದು ಭಾರವನ್ನಲ್ಲ

ಮಾನ್ಯ ಓದುಗರೇ,

ಸಿಗ್ನಲ್ ಬಳಿ ಡಾಂಬರಿನಲ್ಲಿ ಕೊರೆದ ಚೌಕದ ಗುರುತನ್ನು ಕಂಡು, ಅದರಡಿ ತೂಕದ ಯಂತ್ರವಿದೆಯೇ, ಅದಕ್ಕೆ ವಾಹನ ಯಾರದೆಂದು ತಿಳಿಯುತ್ತದೆಯೇ, ನಿಮ್ಮ ಸೈಕಲ್ ಬಂದು ನಿಂತರೂ ಹಸಿರು ದೀಪ ಏಕೆ ಹೊತ್ತುವುದಿಲ್ಲ ಎಂದು ಕೇಳಿದ್ದೀರಿ.

ಅಲ್ಲಿ ತೂಕದ ಯಂತ್ರವಿಲ್ಲ. ಆ ಸೀಳಿನಲ್ಲಿ ಕೆಲವು ಸುತ್ತು ತಂತಿಯನ್ನಷ್ಟೇ ಹುದುಗಿಸಿರುತ್ತಾರೆ. ರಸ್ತೆ ಬದಿಯ ಪೆಟ್ಟಿಗೆಯಲ್ಲಿರುವ ಡಿಟೆಕ್ಟರ್, ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತನ್ನು ಅದರಲ್ಲಿ ಹರಿಸುತ್ತದೆ. ವಾಹನದ ಲೋಹದ ತಳ ಮೇಲೆ ಬಂದೊಡನೆ ಆ ಲೋಹದಲ್ಲಿ ಸುಳಿಯಂತೆ ಸುತ್ತುವ ವಿದ್ಯುತ್ ಹುಟ್ಟಿ ಸುರುಳಿಯ ಕಾಂತಕ್ಷೇತ್ರವನ್ನು ಎದುರಿಸುವುದರಿಂದ, ಸುರುಳಿಯ ಪ್ರೇರಕತ್ವ (ವಿದ್ಯುತ್ತಿನ ಬದಲಾವಣೆಯನ್ನು ತಡೆಯುವ ಗುಣ) ಕುಗ್ಗಿ ಆವರ್ತನ (ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ದಿಕ್ಕು ಬದಲಿಸುತ್ತದೆ ಎಂಬುದು) ತುಸು ಏರುತ್ತದೆ. ಡಿಟೆಕ್ಟರ್ ಗುರುತಿಸುವುದು ಈ ಏರಿಕೆಯನ್ನೇ. ಹಾಗಾಗಿಯೇ ಸರಕು ತುಂಬಿದ ಎತ್ತರದ ಲಾರಿಗಿಂತ ಲೋಹದ ತಳ ಸುರುಳಿಗೆ ಹತ್ತಿರವಿರುವ ತಗ್ಗಾದ ಕಾರು ಹೆಚ್ಚು ಸ್ಪಷ್ಟವಾಗಿ ಗೋಚರಿಸಬಹುದು. ಚಲಿಸುವ ಲಾರಿಯ ತೂಕ ನೋಡಲು ರಸ್ತೆಯಲ್ಲಿ ಹೂಳುವ ಸ್ಫಟಿಕ ಶಿಲೆಯ ಪಟ್ಟಿಗಳು ಬೇರೆಯೇ ಇವೆ.

ಗುರುತಿನ ವಿಷಯಕ್ಕೆ ಬಂದರೆ, ಸ್ವಲ್ಪ ಅಂತರದಲ್ಲಿ ಎರಡು ಸುರುಳಿಗಳಿದ್ದರೆ ವೇಗವೂ ಉದ್ದವೂ ಸಿಗುತ್ತವೆ. ಸಂಕೇತದ ಏರಿಳಿತದಿಂದ ಬಸ್ಸೋ ಕಾರೋ ಎಂದು ಬಹುಮಟ್ಟಿಗೆ ಹೇಳಬಹುದು. ಮಾಲೀಕರು ಯಾರೆಂಬುದು ಸುರುಳಿಗೆ ಎಂದೂ ತಿಳಿಯದು. ಅದಕ್ಕೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಅಥವಾ ವಾಹನಕ್ಕೆ ಅಂಟಿಸಿದ ಟ್ಯಾಗ್ ಬೇಕು. ಬರೀ ಎಣಿಕೆ ಸಾಕಾಗುವ ಕಡೆ ಸುರುಳಿಯನ್ನೇ ಆರಿಸಬೇಕೆಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ.

ಇನ್ನು ನಿಮ್ಮ ಸೈಕಲ್. ಲೋಹದ ಅಂಶ ಕಡಿಮೆಯೆಂಬುದು ನಿಜ, ಆದರೆ ನಿಲ್ಲುವ ಜಾಗವೂ ಅಷ್ಟೇ ಮುಖ್ಯ. ಚೌಕದ ನಡುವೆ ಕಾಂತಕ್ಷೇತ್ರ ನೆಟ್ಟಗೆ ಮೇಲೇಳುವುದರಿಂದ ಅದು ಚಕ್ರವನ್ನು ಹಾಯದೆ ಅದರ ಪಕ್ಕದಲ್ಲೇ ಸಾಗುತ್ತದೆ. ನೀವು ಸಾಗುವ ದಿಕ್ಕಿನಲ್ಲೇ ಇರುವ ಪಕ್ಕದ ಗೆರೆಯ ಮೇಲೆ ಎರಡೂ ಚಕ್ರಗಳನ್ನಿಟ್ಟರೆ ಕ್ಷೇತ್ರ ಅಡ್ಡಲಾಗಿ ಚಕ್ರದ ಮೂಲಕ ಹಾಯುತ್ತದೆ; ರಿಮ್ ಅಲ್ಯುಮಿನಿಯಂನದಾದರೂ ಸಾಕು. ಹೀಗೆ ನಿಲ್ಲಬೇಕಾದ ಜಾಗಕ್ಕೆ ಬಣ್ಣದ ಗುರುತು ಹಾಕುವುದು ರಸ್ತೆ ನಿರ್ಮಿಸಿದವರ ಕರ್ತವ್ಯ. ಸೈಕಲ್ ಸವಾರ ಇದನ್ನು ಊಹಿಸಿ ತಿಳಿಯಬೇಕೆಂಬುದು ಅನ್ಯಾಯ. ಗೆರೆಯ ಮೇಲೆ ನಿಂತರೂ ದೀಪ ಬದಲಾಗದಿದ್ದರೆ, ಯಾವ ಪಥ, ಯಾವ ಹೊತ್ತು ಎಂಬುದನ್ನು ನಮೂದಿಸಿ ಸಿಗ್ನಲ್ ನಿರ್ವಹಿಸುವ ಕಚೇರಿಗೆ ಬರೆಯಿರಿ. ತಂತಿ ತುಂಡಾಗಿರದಿದ್ದರೆ, ರಸ್ತೆ ಅಗೆಯದೆಯೇ ಪೆಟ್ಟಿಗೆಯಲ್ಲಿ ಸಂವೇದನಾಶೀಲತೆಯನ್ನು ಹೆಚ್ಚಿಸಿ ಸರಿಪಡಿಸಲು ಸಾಮಾನ್ಯವಾಗಿ ಸಾಧ್ಯವಿದೆ.

— ಸಂಪಾದಕ