ಕಾರ್ಡ್ ಜೇಬಿನಲ್ಲಿದೆ, ಮಾತ್ರೆ ಊರಿನಿಂದ ಹೋಗುತ್ತಿದೆ

ದುಬೈಯ ದೇರಾದಲ್ಲಿ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ 19 ವರ್ಷ ಕೂತು, ಈಗ ಕುಂದಾಪುರಕ್ಕೆ ಮರಳಿದವಳು ನಾನು. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸಂಬಳ, ವೀಸಾದ ವಿಚಾರವೇ ಹೆಚ್ಚು. ಈ ಸಲ ಮಾತ್ರ ಕಾಯಿಲೆಯ ಪತ್ರಗಳು ಒಟ್ಟಿಗೆ ಬಂದಿವೆ. ಬೈಂದೂರಿನ ತಂಗಿಯ ಪತ್ರಕ್ಕೆ ಉತ್ತರ ತಡವಾಗಬಾರದು, ಹಾಗಾಗಿ ಅದನ್ನೇ ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ನನ್ನ ಗಂಡ ಶಾರ್ಜಾದಲ್ಲಿ ಎ.ಸಿ. ಮೆಕ್ಯಾನಿಕ್. ಮೂರು ವರ್ಷದಿಂದ ಶುಗರ್ ಇದೆ. ಊರಿನ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನೇ ನಾನು ಇಲ್ಲಿ ಮೆಡಿಕಲ್ಲಿನಲ್ಲಿ ತೆಗೆದು, ರಜೆ ಮುಗಿಸಿ ಹೋಗುವವರ ಕೈಯಲ್ಲಿ ಕಳಿಸುತ್ತೇನೆ. ಅಲ್ಲಿ ಡಾಕ್ಟರ ಹತ್ತಿರ ಹೋಗಿ ಅಂದರೆ ಕೇಳುವುದಿಲ್ಲ. ಕಂಪೆನಿಗೆ ಗೊತ್ತಾದರೆ ವೀಸಾ ಕ್ಯಾನ್ಸಲ್ ಮಾಡಿ ಕಳಿಸುತ್ತಾರೆ ಅನ್ನುತ್ತಾರೆ. ಹೋದ ತಿಂಗಳು ಕೆಲಸದ ಜಾಗದಲ್ಲಿ ತಲೆ ತಿರುಗಿ ಬಿದ್ದರಂತೆ. ರೂಮಿನವರು ಫೋನ್ ಮಾಡಿ ಹೇಳಿದ್ದರಿಂದ ನನಗೆ ಗೊತ್ತಾಯಿತು. ಏನು ಮಾಡಲಿ?
— ಹೆಸರು ಬೇಡ, ಬೈಂದೂರು

ಉತ್ತರ: ತಂಗೀ, ಇವತ್ತು ರಾತ್ರಿ ಅವರು ಫೋನ್ ಮಾಡಿದಾಗ ಮೊದಲು ಒಂದು ಮಾತು ಕೇಳು: ವೀಸಾ ಕೊನೆಯ ಸಲ ರಿನೀವಲ್ ಆದದ್ದು ಯಾವಾಗ? ದುಬೈ, ಅಬುಧಾಬಿಗಳಲ್ಲಿ ಕಂಪೆನಿ ಆರೋಗ್ಯ ವಿಮೆ ಮಾಡಿಸಬೇಕೆಂಬ ಕಾನೂನು ಹಿಂದಿನಿಂದಲೂ ಇತ್ತು. ಶಾರ್ಜಾ, ಅಜ್ಮಾನ್ ಕಡೆ ಇರಲಿಲ್ಲ. ಅಲ್ಲಿಯವರು ಜ್ವರ ಬಂದರೂ ಕೈಯಿಂದ ದುಡ್ಡು ಕೊಟ್ಟು ತೋರಿಸಬೇಕಿತ್ತು. ನಿನ್ನ ಗಂಡನಿಗೆ ಊರಿನ ಮಾತ್ರೆಯ ಅಭ್ಯಾಸ ಬಿದ್ದದ್ದು ಬಹುಶಃ ಆ ಕಾಲದಲ್ಲೇ. 2025ರ ಜನವರಿ 1ರಿಂದ ಅದು ಬದಲಾಗಿದೆ. ಈಗ ಆ ಎಮಿರೇಟುಗಳಲ್ಲೂ ಹೊಸ ವೀಸಾಕ್ಕೆ, ರಿನೀವಲ್‌ಗೆ ವಿಮೆ ಕಡ್ಡಾಯ. ಕನಿಷ್ಠ ಪ್ಯಾಕೇಜಿನ ಕಂತು ವರ್ಷಕ್ಕೆ 320 ದಿರ್ಹಮ್. ಅದನ್ನು ಕಟ್ಟಬೇಕಾದವರು ಕಂಪೆನಿಯವರು, ಇವರ ಸಂಬಳದಿಂದ ಮುರಿದುಕೊಳ್ಳುವ ಹಾಗಿಲ್ಲ. ಆ ತಾರೀಕಿನ ಮೇಲೆ ರಿನೀವಲ್ ಆಗಿದ್ದರೆ ಅವರ ಹೆಸರಲ್ಲಿ ವಿಮೆ ಇರಲೇಬೇಕು. ಕಾರ್ಡ್ ನೋಡಿಲ್ಲ ಅಂದರೆ ಕಂಪೆನಿಯಲ್ಲಿ ವೀಸಾದ ಕಾಗದಪತ್ರ ನೋಡಿಕೊಳ್ಳುವ ಪಿ.ಆರ್.ಓ. ಹತ್ತಿರ ಕೇಳಲಿ. ಅದರಲ್ಲಿ ಅಂಜುವಂಥದ್ದು ಏನೂ ಇಲ್ಲ.

ಈ ಪ್ಯಾಕೇಜಿನಲ್ಲಿ ಶುಗರ್, ಬಿಪಿಯಂಥ ಹಳೆ ಕಾಯಿಲೆಗಳಿಗೆ ಇಷ್ಟು ತಿಂಗಳು ಕಾಯಬೇಕು ಎಂಬ ನಿಯಮ ಇಲ್ಲ. ಡಾಕ್ಟರಿಗೆ ತೋರಿಸಿದರೆ ಬಿಲ್ಲಿನ ಕಾಲು ಭಾಗ ನಿನ್ನ ಗಂಡ ಕೊಡಬೇಕು, ಅದೂ ಒಂದು ಸಲಕ್ಕೆ 100 ದಿರ್ಹಮ್ ದಾಟುವುದಿಲ್ಲ. ಅದೇ ಕಾಯಿಲೆಗೆ ಏಳು ದಿನದೊಳಗೆ ಮತ್ತೆ ತೋರಿಸಿದರೆ ಏನೂ ಕೊಡಬೇಕಿಲ್ಲ. ಮದ್ದಿನ ಬಿಲ್ಲಿನಲ್ಲಿ ಅವರ ಪಾಲು ನೂರಕ್ಕೆ 30. ಮದ್ದಿಗೆ ವರ್ಷಕ್ಕೆ 1,500 ದಿರ್ಹಮಿನ ಮಿತಿ ಇದೆ. ಅಡ್ಮಿಟ್ ಆದರೆ ನೂರಕ್ಕೆ 20, ಒಂದು ಸಲಕ್ಕೆ ಹೆಚ್ಚೆಂದರೆ 500, ವರ್ಷಕ್ಕೆ 1,000 ದಿರ್ಹಮ್. ಅದರ ಮೇಲಿನದು ವಿಮೆಯವರ ಲೆಕ್ಕ. ಆದರೆ ಎಲ್ಲ ಆಸ್ಪತ್ರೆಗಳಲ್ಲೂ ಇದು ನಡೆಯುವುದಿಲ್ಲ, ವಿಮೆಯವರ ಪಟ್ಟಿಯಲ್ಲಿರುವ, ಅಂದರೆ ಅವರ ನೆಟ್‌ವರ್ಕಿನ ಕ್ಲಿನಿಕ್ಕಿಗೇ ಹೋಗಬೇಕು. ಹೊರಡುವ ಮೊದಲು ಫೋನ್ ಮಾಡಿ, 'ನನ್ನ ಕಾರ್ಡ್ ನಿಮ್ಮಲ್ಲಿ ನಡೆಯುತ್ತದಾ' ಎಂದು ಕೇಳಿಕೊಳ್ಳಲಿ.

ಇನ್ನು ಭಯದ ವಿಷಯ. ಕೌಂಟರಿನಲ್ಲಿ ನಾನು ದಿನಾ ಕೇಳುತ್ತಿದ್ದ ಮಾತೇ ಇದು: "ಮೇಡಂ, ಕಂಪೆನಿಗೆ ಕಾಗದ ಹೋಗುತ್ತದಾ?" ಹೋಗುವುದಿಲ್ಲ ತಂಗಿ. ಬಿಲ್ಲು ಹೋಗುವುದು ವಿಮೆ ಕಂಪೆನಿಗೆ. ರೋಗಿಯ ವಿವರವನ್ನು ಗುಟ್ಟಾಗಿ ಇಡಬೇಕೆಂದು ಅಲ್ಲಿ 2019ರಿಂದ ಕಾನೂನೇ ಇದೆ. ನನ್ನ ಕೈಯಿಂದ ಸಾವಿರಾರು ಫೈಲುಗಳು ಹೋಗಿವೆ, ಒಂದನ್ನೂ ನಾನು ರೋಗಿಯ ಕಂಪೆನಿಗೆ ಕಳಿಸಿದ್ದಿಲ್ಲ. ವೀಸಾ ರಿನೀವಲ್‌ಗೆ ರಕ್ತ ತೆಗೆದು ಎಕ್ಸ್‌ರೇ ಮಾಡುವುದು ಎಚ್.ಐ.ವಿ., ಕ್ಷಯದಂಥ ಸೋಂಕು ಹುಡುಕಲಿಕ್ಕೆ. ಶುಗರ್ ಇದೆ ಎಂದು ವೀಸಾ ತಡೆಯುವುದಿಲ್ಲ. ರಜೆ ಬೇಕಾದೀತು ಎಂಬ ಚಿಂತೆಗೂ ಕಾನೂನಿನಲ್ಲಿ ದಾರಿ ಇದೆ. ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನ ಕಾಯಿಲೆ ರಜೆ. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದೆ. ಕೆಲಸಕ್ಕೆ ಹೋಗಲಾಗದ ದಿನದಿಂದ ಮೂರು ದಿನದೊಳಗೆ ಕಂಪೆನಿಗೆ ತಿಳಿಸಿ ಡಾಕ್ಟರ ಚೀಟಿ ಕೊಡಬೇಕು, ಅಷ್ಟೇ.

ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ, ಆದರೆ ಹೇಳದೆ ಇರಲಾರೆ. ನಮ್ಮ ಕಡೆಯವರೇ ಒಬ್ಬರು, ಪಿಕಪ್ ಓಡಿಸುತ್ತಿದ್ದವರು, ಒಂದು ರಾತ್ರಿ ಇಬ್ಬರು ರೂಂಮೇಟುಗಳ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ಶೂ ಕಚ್ಚಿ ಆದ ಗಾಯ, ಮೂರು ವಾರದ್ದು. ಶುಗರ್ 480 ತೋರಿಸಿತು. ನಾನು ಕಾರ್ಡ್ ಕೇಳಿದಾಗ ಪರ್ಸಿನಿಂದ ತೆಗೆದುಕೊಟ್ಟರು. ಅದರ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು, ಒಂದು ಸಲವೂ ಬಳಸಿದ್ದಿಲ್ಲ. ಅವರೂ ಊರಿನ ಮಾತ್ರೆಯನ್ನೇ ನುಂಗುತ್ತಿದ್ದವರು. ಮೂರು ಬೆರಳು ತೆಗೆಯಬೇಕಾಯಿತು. ಆ ಕಾರ್ಡಿನ ಕಂತನ್ನು ಕಂಪೆನಿ ನಾಲ್ಕು ವರ್ಷದಿಂದ ಕಟ್ಟುತ್ತಲೇ ಬಂದಿತ್ತು.

ನೀನು ಕಳಿಸುವ ಮಾತ್ರೆ ಮೂರು ವರ್ಷದ ಹಿಂದಿನ ಶುಗರ್ ನೋಡಿ ಬರೆದದ್ದು. ತಲೆ ತಿರುಗಿದ್ದು ಶುಗರ್ ಏರಿ ಇರಬಹುದು, ಬಿಸಿಲಲ್ಲಿ ಊಟ ತಡವಾಗಿ ಇಳಿದೂ ಇರಬಹುದು. ಅದು ರಕ್ತ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ, ಕಿಡ್ನಿಯ ಪರೀಕ್ಷೆ ಎರಡನ್ನೂ ಕೇಳಿ ಮಾಡಿಸಲಿ. ಊರಿನ ಹಳೆ ಚೀಟಿಯ ಫೋಟೋ ತೆಗೆದು ಅವರ ಮೊಬೈಲಿಗೆ ಕಳಿಸು, ಅಲ್ಲಿಯ ಡಾಕ್ಟರು ನೋಡಲಿ. ಅವರು ತೋರಿಸುವ ತನಕ ಮಾತ್ರೆ ನಿಲ್ಲಿಸಬೇಡ.

ಕಳಿಸುವಾಗಲೂ ಎಚ್ಚರ ಬೇಕು. ಚೀಟಿ ನಿನ್ನ ಗಂಡನ ಹೆಸರಿನದು, ಮಾತ್ರೆ ಇರುವುದು ಬೇರೆಯವರ ಬ್ಯಾಗಿನಲ್ಲಿ. ಏರ್‌ಪೋರ್ಟಿನಲ್ಲಿ ಕೇಳಿದರೆ ಉತ್ತರ ಹೇಳಬೇಕಾದವರು ಅವರು. ಶುಗರ್ ಮಾತ್ರೆ ಅಷ್ಟು ತೊಂದರೆಯದಲ್ಲ. ಆದರೆ ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆಂದು ಕೊಡುವ ಅಲ್‌ಪ್ರಜೋಲಂ, ಇವೆಲ್ಲ ಅಲ್ಲಿ ನಿಯಂತ್ರಿತ ಮದ್ದುಗಳು. ತೆಗೆದುಕೊಂಡು ಹೋಗುವವರು ಅಲ್ಲಿಯ ಸರ್ಕಾರದ ಅನುಮತಿ ಮೊದಲೇ ಪಡೆದಿರಬೇಕು. ಅಂದಹಾಗೆ, ತಿಂಡಿಯ ಡಬ್ಬಿಗೂ ಮಸಾಲೆಗೂ ಗಸಗಸೆ ಹಾಕಬೇಡಿ. ಅಲ್ಲಿ ಅದು ಮಾದಕವಸ್ತುವಿನ ಪಟ್ಟಿಯಲ್ಲಿದೆ.

ಇಷ್ಟೆಲ್ಲ ಆಗಿ ಕಂಪೆನಿ ವಿಮೆಯನ್ನೇ ಮಾಡಿಸಿಲ್ಲ ಎಂದು ತಿಳಿದರೆ, ದುಬೈಯಲ್ಲಿರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಲಿ: 800 46342. ಅಲ್ಲಿಂದ ಮಾಡಿದರೆ ದುಡ್ಡು ಬೀಳುವುದಿಲ್ಲ. ಶಾರ್ಜಾದವರಿಗೂ ಅದೇ ಕೇಂದ್ರ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನನಗ ಹುಮನಾಬಾದದಾಗ ಟೇಲರಿಂಗ್ ಅಂಗಡಿ ಅದ. ಮಗ ಎಸ್ಸೆಸ್ಸೆಲ್ಸಿ ಫೇಲ್, ಡ್ರೈವಿಂಗ್ ಬರ್ತದ. ಸೌದಿಗೆ ಡ್ರೈವರ್ ಕೆಲಸಕ್ಕ ಕಳಸ್ತೀನಂತ ಒಬ್ಬ ಏಜೆಂಟ ಬಂದಾನ. ಮೊದಲ ವಿಸಿಟ್ ವೀಸಾದ ಮ್ಯಾಲ ಹೋಗಲಿ, ಇನ್ಶೂರೆನ್ಸ್ ಗಿನ್ಶೂರೆನ್ಸ್ ಆಮ್ಯಾಲ ಕಫೀಲ್, ಅಂದ್ರ ಅಲ್ಲಿನ ಮಾಲೀಕ, ನೋಡ್ಕೋತಾನ ಅಂತಾನ. ನಂಬಬೇಕೋ ಬ್ಯಾಡೋ?
— ಒಬ್ಬ ತಂದೆ, ಬೀದರ್ ಜಿಲ್ಲೆ

ಉತ್ತರ: ನಂಬಬೇಡಿ ಅಣ್ಣಾ. ಆ ಏಜೆಂಟ್ ಉಳಿಸಲು ನೋಡುತ್ತಿರುವುದು ತನ್ನ ಕಾಗದದ ಕೆಲಸವನ್ನು. ಕಳೆದುಹೋಗುವುದು ನಿಮ್ಮ ಮಗನ ರಕ್ಷಣೆ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಇ.ಸಿ.ಆರ್. ವರ್ಗದ್ದು, ಅಂದರೆ ಹೊರಡುವ ಮೊದಲು ಸರ್ಕಾರದ ಪರಿಶೀಲನೆ ಬೇಕಾದದ್ದು. ಸೌದಿ ಸೇರಿ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಅಂಥವರು ಭಾರತ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಬೇಕು. ಅದಕ್ಕೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ ಕಡ್ಡಾಯ. ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ತೆರಿಗೆ ಇದ್ದರೆ ಅದು ಬೇರೆ. ಒಂದು ಪ್ಯಾಂಟ್ ಹೊಲಿದ ಕೂಲಿಯ ಲೆಕ್ಕ ಅದು. ಅದಕ್ಕೆ ಬದಲಾಗಿ ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ. ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ, ಒಂದು ಸಲದ ದಾಖಲಾತಿಗೆ 50,000 ಮಿತಿ. ಅಲ್ಲಿ ಮಾಲೀಕ ಬದಲಾದರೂ ಈ ಪಾಲಿಸಿ ನಡೆಯುತ್ತದೆ. ಕಾಯಿಲೆಯಿಂದ ಕೆಲಸಕ್ಕೆ ಅನರ್ಹ ಎಂದು ತಿರುಗಿ ಕಳಿಸಿದರೆ ವಿಮಾನದ ಟಿಕೆಟ್ ಖರ್ಚು, ಕೆಲಸದ ವಲಸೆಗೆ ಸಂಬಂಧಿಸಿದ ಕೇಸು ಬಿದ್ದರೆ 45,000 ರೂಪಾಯಿವರೆಗೆ ವಕೀಲರ ಖರ್ಚು. ಊರಿನಲ್ಲಿ ಹೆಂಡತಿ ಮಕ್ಕಳು ಆಸ್ಪತ್ರೆ ಸೇರಿದರೂ ಒಂದಿಷ್ಟು ಸಿಗುತ್ತದೆ. ವಿಸಿಟ್ ವೀಸಾದಲ್ಲಿ ಹೋದವನು ಸರ್ಕಾರದ ಲೆಕ್ಕದಲ್ಲಿ ಕೆಲಸಕ್ಕೆ ಹೋದವನೇ ಅಲ್ಲ. ಆಗ ಈ ಪಾಲಿಸಿಯೂ ಇಲ್ಲ, ಕ್ಲಿಯರೆನ್ಸೂ ಇಲ್ಲ.

ಇನ್ನೊಂದು ಮಾತನ್ನು ಏಜೆಂಟನ ಎದುರು ಕೂತೇ ಕೇಳಿ: ಕಂಪೆನಿ ಡ್ರೈವರೋ, ಹೌಸ್ ಡ್ರೈವರೋ? ಎರಡಕ್ಕೂ ಬಹಳ ಅಂತರ. ಸೌದಿಯಲ್ಲಿ ಕಂಪೆನಿ ನೌಕರನಿಗೆ ವಿಮೆ ಇಲ್ಲದೆ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಆಗುವುದಿಲ್ಲ. ಆ ವಿಮೆಯ ವಾರ್ಷಿಕ ಮಿತಿಯನ್ನು 2022ರಲ್ಲಿ 10 ಲಕ್ಷ ರಿಯಾಲಿಗೆ ಏರಿಸಿದ್ದಾರೆ, ದೊಡ್ಡ ಆಪರೇಷನ್ ಬಂದರೂ ಹೆದರಬೇಕಿಲ್ಲ. ಹೌಸ್ ಡ್ರೈವರ್ ಮಾತ್ರ ಮನೆಗೆಲಸದವರ ವರ್ಗಕ್ಕೆ ಸೇರುತ್ತಾನೆ. ಆ ವರ್ಗಕ್ಕೆ ವಿಮೆ ಕಡ್ಡಾಯ ಮಾಡಲು ಶುರುವಾದದ್ದೇ 2024ರ ಜುಲೈನಲ್ಲಿ, ಅದೂ ನಾಲ್ಕಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಂಡ ಮನೆಗಳಿಗೆ. ಹೌಸ್ ಡ್ರೈವರ್ ಎಂದಾದರೆ, ಮದ್ದಿನ ಖರ್ಚು ಯಾರದು ಎಂಬುದು ಒಪ್ಪಂದದ ಕಾಗದದಲ್ಲಿ ಬರೆದಿರಬೇಕು.

ಏಜೆಂಟ್ ನೋಂದಣಿ ಆದವನೇ ಎಂದು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ತೆರಿಗೆ. ಲಕ್ಷದ ಮಾತಾಡಿದರೆ ಪಾಸ್‌ಪೋರ್ಟ್ ಅವನ ಕೈಗೆ ಕೊಡಬೇಡಿ. ಪಾಲಿಸಿ ಬಂದ ದಿನ ನಾಮಿನಿಯ ಹೆಸರು ಸರಿ ಇದೆಯಾ ನೋಡಿ, ಒಂದು ಪ್ರತಿಯನ್ನು ನಿಮ್ಮ ಅಂಗಡಿಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ. ಅಲ್ಲಿ ಏನಾದರೂ ಆದರೆ ಕಾಗದ ಬೇಕಾಗುವುದು ಊರಿನಲ್ಲಿರುವವರಿಗೆ. ಪಾಲಿಸಿ ಇದ್ದದ್ದೇ ಮನೆಯವರಿಗೆ ಗೊತ್ತಿಲ್ಲದೆ ವರ್ಷ ಕಳೆದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯಿಂದ ಮ್ಯೂನಿಕ್‌ಗೆ ಹೋಗುತ್ತಿದ್ದೇನೆ, ಅಲ್ಲಿಯ ಕಚೇರಿಯ ನೌಕರನಾಗಿ. ಹೆಂಡತಿ, ಮಗು ಜೊತೆಗೆ ಬರುತ್ತಾರೆ. ದಾವಣಗೆರೆಯಲ್ಲಿರುವ ಅಪ್ಪ ಅಮ್ಮನಿಗೆ ಈಗ ಕಂಪೆನಿಯ ವಿಮೆ ಇದೆ. ಅಪ್ಪನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಏನಾದರೂ ಮಾಡಬೇಕೇ?
— ಓದುಗ, ಬೆಂಗಳೂರು

ಉತ್ತರ: ನಿಮ್ಮ ಮೂವರ ಚಿಂತೆ ಕಡಿಮೆ. ಜರ್ಮನಿಯಲ್ಲಿ ಸರ್ಕಾರಿ ವ್ಯವಸ್ಥೆಯ ವಿಮೆಗೆ ಸಂಬಳದ ನೂರಕ್ಕೆ 14.6ರಷ್ಟು ಹೋಗುತ್ತದೆ. ಅದರ ಮೇಲೆ ಆಯಾ ವಿಮಾ ನಿಧಿಯ ಹೆಚ್ಚುವರಿ ಪಾಲೂ ಇದೆ. ಎರಡರಲ್ಲೂ ಅರ್ಧ ಕಂಪೆನಿಯದು. ದುಡಿಮೆ ಇಲ್ಲದ ಹೆಂಡತಿಗೂ ಮಗುವಿಗೂ ಬೇರೆ ಕಂತಿಲ್ಲದೆ ಅದೇ ವಿಮೆ ಸಿಗುತ್ತದೆ. ಸಂಬಳ ಒಂದು ಮಿತಿ ದಾಟಿದವರಿಗೆ ಖಾಸಗಿ ವಿಮೆ ಆಯ್ದುಕೊಳ್ಳಲೂ ಅವಕಾಶವಿದೆ. ಮೊದಲ ವರ್ಷದ ಕಡಿಮೆ ಕಂತು ನೋಡಿ ಅತ್ತ ವಾಲಬೇಡಿ, ಅಲ್ಲಿ ಮನೆಯ ಒಬ್ಬೊಬ್ಬರಿಗೂ ಪ್ರತ್ಯೇಕ ಕಂತು.

ಅವಸರ ಇರುವುದು ದಾವಣಗೆರೆಯ ವಿಷಯದಲ್ಲಿ. ಇಲ್ಲಿಯ ಕಂಪೆನಿಯ ಲೆಕ್ಕದಿಂದ ನೀವು ಹೊರಬಿದ್ದ ದಿನವೇ ಅಪ್ಪ ಅಮ್ಮನ ಗುಂಪು ವಿಮೆಯೂ ಮುಗಿಯುತ್ತದೆ. ಅದೇ ವಿಮೆ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ಅವರನ್ನು ವರ್ಗಾಯಿಸಲು ಅವಕಾಶ ಇದೆ. ಹಾಗೆ ಮಾಡಿದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಹಳೆ ಕಾಯಿಲೆಯ ಕಾಯುವ ಅವಧಿಗೆ ಲೆಕ್ಕವಾಗುತ್ತವೆ. ಹೊಸದಾಗಿ ಕೊಂಡರೆ ಸ್ಟೆಂಟಿನಂಥ ಹಳೆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹಾಗಾಗಿ ರಾಜೀನಾಮೆಯ ತಾರೀಕಿಗೆ ಮೊದಲೇ ಎಚ್.ಆರ್.ಗೆ ಬರೆದು, ವಿಮೆ ಕಂಪೆನಿಗೆ ಅರ್ಜಿ ಹಾಕಿ. ಸ್ಟೆಂಟಿನ ವಿಷಯ ಒಂದಕ್ಷರವೂ ಮುಚ್ಚಬೇಡಿ. ಮುಚ್ಚಿಟ್ಟದ್ದು ಕ್ಲೇಮಿನ ದಿನ ಹೊರಬಂದರೆ, ನೀವು ಮ್ಯೂನಿಕ್‌ನಲ್ಲಿ, ಅಮ್ಮ ಒಬ್ಬರೇ ಆಸ್ಪತ್ರೆಯ ಬಿಲ್ಲಿಂಗ್ ಕಿಟಕಿಯ ಮುಂದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿ.ಎಸ್.ಟಿ. ಇಲ್ಲ, ಕಂತಿನಲ್ಲಿ ಅಷ್ಟು ಉಳಿಯುತ್ತದೆ.

ಪ್ರಶ್ನೆ: ಮಸ್ಕತ್‌ನಲ್ಲಿ 24 ವರ್ಷವಾಯಿತು. ಬಿಪಿ ಇದೆ. ಮೂರು ನಾಲ್ಕು ವರ್ಷದಲ್ಲಿ ಕಾರ್ಕಳಕ್ಕೆ ಮರಳುವ ಯೋಚನೆ. ಊರಿಗೆ ಬಂದ ಮೇಲೆ ವಿಮೆ ಮಾಡಿಸಿದರೆ ಸಾಕಲ್ಲ?
— ಓದುಗ, ಮಸ್ಕತ್

ಉತ್ತರ: ಸಾಲದು, ಈಗಲೇ ಮಾಡಿಸಿ. ವೀಸಾ ಕ್ಯಾನ್ಸಲ್ ಆದಲ್ಲಿಗೆ ಕಂಪೆನಿಯ ಕಾರ್ಡೂ ಮುಗಿಯಿತು. ಊರಿನಲ್ಲಿ ಈಗ ಪಾಲಿಸಿ ಕೊಂಡರೆ, ಮೇಲೆ ಹೇಳಿದ ಕಾಯುವ ಅವಧಿ ನೀವು ಮಸ್ಕತ್‌ನಲ್ಲಿ ಇರುವಾಗಲೇ ಕಳೆದುಹೋಗುತ್ತದೆ. ರಜೆಗೆ ಬಂದಾಗ ವಿಮೆಯವರು ಕೇಳುವ ತಪಾಸಣೆ ಮುಗಿಸಿಕೊಳ್ಳಿ, ಬಿಪಿ ಇದೆ ಎಂದು ಬರೆಸಿ.

ಅಲ್ಲಿಂದ ಹೊರಡುವ ವರ್ಷ, ನಿಮ್ಮನ್ನು ನೋಡುತ್ತಿದ್ದ ಡಾಕ್ಟರಿಂದ ಎಲ್ಲ ರಿಪೋರ್ಟುಗಳ ಪ್ರತಿಯನ್ನೂ ಈಗ ನುಂಗುತ್ತಿರುವ ಮದ್ದಿನ ಪಟ್ಟಿಯನ್ನೂ ಕೇಳಿ ತನ್ನಿ. ಮದ್ದಿನ ಮೂಲ ಹೆಸರನ್ನೇ ಬರೆಸಿಕೊಳ್ಳಿ, ಅಲ್ಲಿಯ ಬ್ರ್ಯಾಂಡ್ ಇಲ್ಲಿ ಸಿಗದೆ ಇರಬಹುದು. ಇದನ್ನು ವೀಸಾ ಕ್ಯಾನ್ಸಲ್ ಆಗುವ ಮೊದಲೇ ಮಾಡಿ. ಊರಿಗೆ ಬಂದ ಮೇಲೆ ರಿಪೋರ್ಟು ತರಿಸಿಕೊಡಿ ಎಂದು ನನ್ನ ಹಳೇ ಕೌಂಟರಿಗೆ ಫೋನ್ ಮಾಡುತ್ತಿದ್ದವರು ಬಹಳ ಜನ, ಹೆಚ್ಚಿನವರಿಗೆ ಅಷ್ಟು ದೂರದಿಂದ ಏನೂ ಮಾಡಿಕೊಡಲು ಆಗುತ್ತಿರಲಿಲ್ಲ.