ಓದುಗರ ಪ್ರಶ್ನೆ: ಪೋಕರ್‌ನಲ್ಲಿ ಸೋತ ಹಣ ಯಾರ ಪಾಲಾಗುತ್ತದೆ?

ಪ್ರಶ್ನೆ: ನನ್ನ ಮಗ ದಾವಣಗೆರೆಯಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಹಾಸ್ಟೆಲ್‌ನ ಸೀನಿಯರ್ ಒಬ್ಬ ಕೊಟ್ಟ ರೆಫರಲ್ ಕೋಡ್ ಹಾಕಿ ಪೋಕರ್ ಆ್ಯಪ್ ಸೇರಿದವನು, ಪರೀಕ್ಷಾ ಶುಲ್ಕದ ಹಣವನ್ನೂ ಕಳೆದುಕೊಂಡ. ‘ಇದು ಜೂಜಲ್ಲ, ಕೌಶಲದ ಆಟ. ಒಬ್ಬ ಸೋತದ್ದು ಇನ್ನೊಬ್ಬನಿಗೆ ಹೋಗುತ್ತದೆ, ಕಂಪನಿಗೆ ಏನೂ ಇಲ್ಲ’ ಎನ್ನುತ್ತಾನೆ. ಹೌದೇ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಪೋಕರ್ ಎಂಬುದು ಹಣ ಪಣಕ್ಕಿಟ್ಟು ಆಡುವ ಇಸ್ಪೀಟ್ ಆಟ. ಇದರಲ್ಲಿ ಆಟಗಾರರು ತಮ್ಮತಮ್ಮಲ್ಲೇ ಆಡುತ್ತಾರೆ. ಎಲೆ ಯಾರಿಗೆ ಒಲಿದರೂ ಕಂಪನಿಗೆ ಒಂದೇ. ಆದರೆ ಕಂಪನಿಗೆ ಏನೂ ಇಲ್ಲವೆಂಬುದು ಶುದ್ಧ ಸುಳ್ಳು. ಪಾಟ್‌ಗೆ, ಅಂದರೆ ಒಂದು ಆಟದಲ್ಲಿ ಎಲ್ಲರೂ ಪಣಕ್ಕಿಟ್ಟ ರಾಶಿಗೆ, ಬಿದ್ದ ಹಣವನ್ನು ಗೆದ್ದವನಿಗೆ ಕೊಡುವ ಮೊದಲೇ ಅದು ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ಇದಕ್ಕೆ ರೇಕ್ ಎನ್ನುತ್ತಾರೆ. ಒಂದು ಗರಿಷ್ಠ ಮಿತಿಯೊಳಗೆ ಸಾಮಾನ್ಯವಾಗಿ ಶೇ. 5ರ ಆಸುಪಾಸಿನಲ್ಲಿರುತ್ತದೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ದರ ಏರಿದರೂ ಇಳಿದರೂ ದಲ್ಲಾಳಿಯ ಕಮಿಷನ್ ತಪ್ಪದಂತೆ, ಇಲ್ಲಿಯೂ ಸೋಲು ಗೆಲುವು ಆಟಗಾರರದ್ದು, ಕಮಿಷನ್ ಕಂಪನಿಯದ್ದು.

ಒಂದು ಮೇಜಿನ ಲೆಕ್ಕ ಹಾಕೋಣ. ಆರು ಜನ ತಲಾ 1,000 ರೂಪಾಯಿ ತಂದು ಕುಳಿತರೆನ್ನಿ. ಗಂಟೆಗೆ 60 ಆಟ ನಡೆದು, ಪ್ರತಿ ಆಟದಲ್ಲಿ ಸರಾಸರಿ 200 ರೂಪಾಯಿಯ ಪಾಟ್ ಆಗಿ, ಶೇ. 5ರಂತೆ 10 ರೂಪಾಯಿ ಮುರಿದರೂ ಗಂಟೆಗೆ 600 ರೂಪಾಯಿ ಆಯಿತು. ಹೊಸ ಹಣ ಹಾಕದೆ ಅದೇ ಆರು ಜನ ಹೀಗೆಯೇ ಆಡುತ್ತ ಹೋದರೆ, ಹತ್ತು ಗಂಟೆಗಳಲ್ಲಿ ಮೇಜಿನ ಮೇಲಿದ್ದ 6,000 ರೂಪಾಯಿ ಪೂರ್ತಿ ಕಂಪನಿಯ ಖಾತೆಗೆ ಸೇರಿರುತ್ತದೆ. ಹಾಗಾಗದಿರಲು ಮೇಜಿಗೆ ಹೊಸಬರು ಬರುತ್ತಲೇ ಇರಬೇಕು, ಸೋತವರು ಮತ್ತೆ ಹಣ ಹಾಕುತ್ತಲೇ ಇರಬೇಕು. ಜಾಹೀರಾತು, ಬೋನಸ್, ರೆಫರಲ್ ಕೋಡ್ ಎಲ್ಲವೂ ಹುಟ್ಟಿರುವುದು ಈ ಅಗತ್ಯದಿಂದಲೇ.

ಆ ಸೀನಿಯರ್‌ನ ವಿಷಯವನ್ನು ನಾನು ವಿಶೇಷವಾಗಿ ಹೇಳಲೇಬೇಕು. ಆಟಗಾರರನ್ನು ಕರೆತಂದವರಿಗೆ ಕಂಪನಿಗಳು ಕೆಲವೊಮ್ಮೆ ಒಂದೇ ಬಾರಿಯ ಬೋನಸ್ ಕೊಡುತ್ತವೆ. ಆದರೆ ದೊಡ್ಡ ಮಟ್ಟದಲ್ಲಿ ಜನರನ್ನು ತರುವ ಏಜೆಂಟರಿಗೆ, ಅವರು ತಂದವರು ಕಟ್ಟುವ ರೇಕ್‌ನಲ್ಲೇ ಪಾಲಿರುತ್ತದೆ. ಹುಡುಗ ಗೆದ್ದನೋ ಸೋತನೋ ಅವರಿಗೆ ಮುಖ್ಯವಲ್ಲ, ಆಡುತ್ತಿದ್ದರೆ ಸಾಕು. ‘ಹೇಗೆ ಆಡಬೇಕೆಂದು ಹೇಳಿಕೊಡುತ್ತೇನೆ’ ಎನ್ನುವ ಬಹಳಷ್ಟು ವಿಡಿಯೊಗಳ ಕೆಳಗೆ ಇಂಥದೇ ಕೋಡ್ ಇರುತ್ತದೆ.

ಗೆಲ್ಲುವವರು ಇಲ್ಲವೆಂದಲ್ಲ. ಹಲವು ಮೇಜುಗಳಲ್ಲಿ ಒಟ್ಟಿಗೆ ಆಡುವ, ಎದುರಾಳಿಗಳ ಆಟವನ್ನು ಸಾಫ್ಟ್‌ವೇರ್‌ನಲ್ಲಿ ದಾಖಲಿಸಿಕೊಂಡು ಅಭ್ಯಾಸ ಮಾಡುವ ಕೆಲವರು ಇದ್ದಾರೆ. ಕೌಶಲವಿದೆ ಎಂಬ ಮಾತು ಅವರ ಮಟ್ಟಿಗೆ ನಿಜ, ಆದರೆ ಆ ಕೌಶಲ ಫಲ ಕೊಡುವುದು ನಿಮ್ಮ ಮಗನಂಥ ಹೊಸಬರು ಎದುರಿಗಿದ್ದಾಗ. ಮೇಜುಗಳನ್ನು ಸದಾ ತುಂಬಿಡುವ ಅವರಿಗೆ ರೇಕ್‌ನ ಒಂದಂಶವನ್ನು ಕಂಪನಿಗಳೇ ಹಿಂದಿರುಗಿಸುವುದೂ ಉಂಟು.

2025ರಲ್ಲಿ ನಿಷೇಧ ಬರುವವರೆಗೆ ಸರ್ಕಾರಕ್ಕೂ ಪಾಲಿತ್ತು. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇ. 30ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತಿತ್ತು. ಅದೇ ಅಕ್ಟೋಬರ್‌ನಿಂದ ಆಟಕ್ಕೆಂದು ಹಾಕುವ ಪೂರ್ಣ ಮೊತ್ತದ ಮೇಲೆ ಶೇ. 28ರಷ್ಟು ಜಿಎಸ್‌ಟಿ ಬಂತು. ಈ ವ್ಯವಹಾರದ ಗಾತ್ರ ತಿಳಿಯಬೇಕಾದರೆ ಒಂದೇ ಸಂಗತಿ ಸಾಕು: 2014ರಲ್ಲಿ ಕೆನಡಾದ ಅಮಾಯಾ ಕಂಪನಿ ಪೋಕರ್‌ಸ್ಟಾರ್ಸ್ ಎಂಬ ಆನ್‌ಲೈನ್ ಪೋಕರ್ ತಾಣದ ಮಾತೃಸಂಸ್ಥೆಯನ್ನು 490 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಪ್ರಶ್ನೆ: ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದ ಮೇಲೂ ಟೆಲಿಗ್ರಾಂನಲ್ಲಿ ಪೋಕರ್ ಲಿಂಕ್‌ಗಳು ಬರುತ್ತಿವೆ. ಪೊಲೀಸರಿಗೆ ಹೇಳಿದರೆ ಆಡಿದವರ ಮೇಲೆಯೇ ಕೇಸಾಗುತ್ತದೆಯೇ?
– ಓದುಗರೊಬ್ಬರು, ಹರಿಹರ

ಉತ್ತರ: ಹೆದರಬೇಕಾಗಿಲ್ಲ. ಇಂಥ ಆಟಗಳ ಮೇಲೆ ಕರ್ನಾಟಕ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿದ್ದು ನಿಜ. ಆದರೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಭೇದವೆಣಿಸದೆ, ಹಣ ಹೂಡಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು ಅಥವಾ 1 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು ಅಥವಾ 50 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕೇವಲ ಆಡಿದವರಿಗೆ ಈ ಕಾಯ್ದೆಯಡಿ ಶಿಕ್ಷೆಯಿಲ್ಲ.

ಟೆಲಿಗ್ರಾಂನಲ್ಲಿ ಬರುವ ಲಿಂಕ್‌ಗಳು ಹಿಂದಿನ ಆ್ಯಪ್‌ಗಳಿಗಿಂತಲೂ ಅಪಾಯಕಾರಿ. ನೀವು ಹಾಕಿದ ಹಣ ಎಲ್ಲಿದೆ, ಎದುರು ಕುಳಿತವನು ಮನುಷ್ಯನೋ ಯಂತ್ರವೋ ಎಂದು ಕೇಳಲು ಅಲ್ಲಿ ಯಾರೂ ಸಿಗುವುದಿಲ್ಲ. ಫುಲ್ ಟಿಲ್ಟ್ ಪೋಕರ್ ಎಂಬ ಆನ್‌ಲೈನ್ ತಾಣ ಜಗತ್ತಿನ ದೊಡ್ಡ ಹೆಸರುಗಳಲ್ಲಿ ಒಂದಾಗಿತ್ತು. ಆಟಗಾರರಿಗೆ ಹಿಂದಿರುಗಿಸಲು ಹಣವಿಲ್ಲದಿದ್ದರೂ ಅದು ಸುಮಾರು 44 ಕೋಟಿ ಡಾಲರನ್ನು ಮಾಲೀಕರಿಗೆ ಹಂಚಿತ್ತೆಂದು 2011ರಲ್ಲಿ ಅಮೆರಿಕ ಸರ್ಕಾರವೇ ಆರೋಪಿಸಿತು.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಐಡಿ ಮತ್ತು ಸ್ಕ್ರೀನ್‌ಶಾಟ್‌ಗಳನ್ನು ಅಳಿಸದೆ ಇಟ್ಟುಕೊಂಡು ಸೈಬರ್ ಠಾಣೆಗೆ ದೂರು ಕೊಡಿ. ಆಟ ಬಿಡಲಾಗದೆ ಒದ್ದಾಡುವವರು ಮನೆಯಲ್ಲಿದ್ದರೆ, ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ.