ಓಟಿ ಡಬಲ್ ಅಂತಾರೆ, ಆದರೆ ಯಾವುದರ ಡಬಲ್?

ಪೀಣ್ಯದಲ್ಲಿ ಮಷಿನ್ ಆಪರೇಟರ್, ತಿಂಗಳಿಗೆ 20,800 ಸಂಬಳ, ಅದರಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 7,800. ಓಟಿಗೆ, ಅಂದರೆ ಹೆಚ್ಚುವರಿ ಸಮಯದ ಕೆಲಸಕ್ಕೆ, ಗಂಟೆಗೆ 75 ರೂಪಾಯಿ ಕೊಟ್ಟು 'ಡಬಲ್ ಕೊಟ್ಟಿದ್ದೇವೆ' ಅಂತಾರೆ, ಇದು ಸರಿಯಾ ಎಂದು ಕೇಳಿದ್ದೀರಿ.

ಸರಿಯಿಲ್ಲ. ನಾನು ಇಂಥದ್ದೇ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ಸಂಬಳದ ಲೆಕ್ಕ ನೋಡಿಕೊಂಡವನು. ನಿಮ್ಮವರು ಮಾಡಿರುವ ಲೆಕ್ಕ ನೋಡಿದ ಕೂಡಲೇ ಗೊತ್ತಾಯಿತು: 7,800 ಅನ್ನು 26 ದಿನಕ್ಕೆ, ಆಮೇಲೆ 8 ಗಂಟೆಗೆ ಭಾಗಿಸಿದರೆ ಗಂಟೆಗೆ 37.50. ಅದರ ಎರಡರಷ್ಟು 75.

1948ರ ಕಾರ್ಖಾನೆ ಕಾಯ್ದೆಯಲ್ಲಿ ಬೇಸಿಕ್ ಜೊತೆ ಭತ್ಯೆಗಳನ್ನೂ ಸೇರಿಸಿ ಡಬಲ್ ಮಾಡಬೇಕಿತ್ತು. ಬೋನಸ್ ಮತ್ತು ಓಟಿ ಹಣ ಮಾತ್ರ ಸೇರುತ್ತಿರಲಿಲ್ಲ. ಹಾಗೆ ನೋಡಿದರೆ 20,800ಕ್ಕೆ ಗಂಟೆಗೆ 100, ಓಟಿ 200 ಆಗಬೇಕಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಡಬಲ್ ಹಾಗೇ ಉಳಿಯಿತು, 'ವೇತನ' ಅಂದರೆ ಏನು ಅನ್ನೋದು ಬದಲಾಯಿತು. ಈಗ ಬೇಸಿಕ್ ಮತ್ತು ಡಿಎ ಮುಖ್ಯ. ಆದರೆ ಮನೆ ಬಾಡಿಗೆ ಭತ್ಯೆಯಂಥವು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ನಿಮ್ಮ ಭತ್ಯೆ 13,000, ಅರ್ಧಕ್ಕಿಂತ 2,600 ಜಾಸ್ತಿ; ಅದು 7,800ಕ್ಕೆ ಸೇರಿ ವೇತನ 10,400 ಆಗುತ್ತದೆ, ಓಟಿ ಗಂಟೆಗೆ 100. ಹಳೆಯದಕ್ಕಿಂತ ಇದು ತುಂಬಾ ಕಡಿಮೆ, ನನಗೆ ಬೇಸರವಿದೆ. ಆದರೂ 75 ಮಾತ್ರ ಯಾವ ಲೆಕ್ಕಕ್ಕೂ ಬರುವುದಿಲ್ಲ.

'ತಿಂಗಳ ಸಂಬಳದವರಿಗೆ ಓಟಿ ಇಲ್ಲ' ಎಂದರೆ ಸುಮ್ನೆ ನಂಬಬೇಡಿ. ನೋಡಬೇಕಾದ್ದು ನೀವು ಮಾಡುವ ಕೆಲಸವನ್ನು. ಮ್ಯಾನೇಜರ್‌ಗಳು ಮತ್ತು 18,000ಕ್ಕಿಂತ ಜಾಸ್ತಿ ಪಡೆಯುವ ಸೂಪರ್‌ವೈಸರ್‌ಗಳು ಇದರಿಂದ ಹೊರಗೆ. ಮಷಿನ್ ಮೇಲೆ ನಿಲ್ಲುವ ನೀವು ಹೊರಗಲ್ಲ.

ಮೊದಲು ಎಚ್‌ಆರ್‌ಗೆ ಲೆಕ್ಕ ಹಾಕಿ ಪತ್ರ ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ (ಕಾರ್ಮಿಕ ಇಲಾಖೆಯ ಕಚೇರಿ) ಹೋಗಿ. ಹೊಸ ಸಂಹಿತೆಯಲ್ಲಿ ಬಾಕಿ ಕೇಳಲು ಮೂರು ವರ್ಷ ಸಮಯವಿದೆ, ಮೊದಲು ಒಂದೇ ವರ್ಷ ಇತ್ತು. ಹಳೆಯ ಬಾಕಿಗೆ ಆ ಹಳೆಯ ಮಿತಿಯನ್ನೇ ಹಿಡಿಯಬಹುದು, ಹಾಗಾಗಿ ಅಂಥದ್ದಿದ್ದರೆ ತಡ ಮಾಡಬೇಡಿ. ಇನ್ನೊಂದು ಒಳ್ಳೆಯ ವಿಷಯ: ಪೂರ್ತಿ ಕೊಟ್ಟಿದ್ದೇವೆ ಎಂದು ಸಾಬೀತು ಮಾಡಬೇಕಾದ್ದು ಮಾಲೀಕರು.

ಆದರೂ ಎಷ್ಟು ಗಂಟೆ ದುಡಿದಿರಿ ಎಂದು ನೀವೇ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಒಬ್ಬ ಹಿರಿಯ ಟರ್ನರ್ ಇದ್ದರು. ದಿನಾ ಒಳಗೆ ಬಂದ, ಹೊರಗೆ ಹೋದ ಸಮಯವನ್ನು ಜೇಬಿನ ಡೈರಿಯಲ್ಲಿ ಗುರುತು ಹಾಕುತ್ತಿದ್ದರು. ಅದನ್ನೂ ಸಂಬಳದ ಸ್ಲಿಪ್ಪನ್ನೂ ನನ್ನ ಮೇಜಿನ ಮೇಲಿಟ್ಟು, 'ಲೆಕ್ಕ ತೋರಿಸಪ್ಪಾ' ಎಂದರು. ನನಗೆ ಉತ್ತರ ಕೊಡಲಾಗಲಿಲ್ಲ. ಅವರಿಗೆ ಹನ್ನೊಂದು ತಿಂಗಳ ಬಾಕಿ ಸಿಕ್ಕಿತು.